ಎಲೆಕ್ಟ್ರಾನ್ ಹಂಚಿಕೆ: ಲೆಕ್ಕ ಬೇರೆ, ಕಾರಣ ಬೇರೆ

(ಧಾರವಾಡದಲ್ಲಿ ಪ್ರೌಢಶಾಲೆ ಮತ್ತು ಪಿಯು ವಿಜ್ಞಾನ ಶಿಕ್ಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಹಲಗೆಯ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದೆ.)

ಎರಡು ಹೈಡ್ರೋಜನ್ ಪರಮಾಣುಗಳು ಯಾಕೆ ಕೂಡುತ್ತವೆ ಅಂತ ಹತ್ತನೆಯ ತರಗತಿಯ ಹುಡುಗರನ್ನು ಕೇಳಿ ನೋಡಿ. ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ: "ಹೀಲಿಯಂ ವಿನ್ಯಾಸ ಪಡೆಯಲು, ಸರ್." ಕ್ಲೋರಿನ್ ಯಾಕೆ ಕೂಡುತ್ತದೆ? "ಅಷ್ಟಕ ಪೂರ್ಣ ಮಾಡಿಕೊಳ್ಳಲು." ಅಂಕವೂ ಸಿಗುತ್ತದೆ. ಆದರೆ ಪರಮಾಣುವಿಗೆ ಎಂಟರವರೆಗೆ ಎಣಿಸಲು ಬರುವುದಿಲ್ಲ. ಅದಕ್ಕೆ ಆಸೆಯೂ ಇಲ್ಲ, ಗುರಿಯೂ ಇಲ್ಲ. ಹೊರಕವಚದಲ್ಲಿ ಎಂಟು ಎಲೆಕ್ಟ್ರಾನ್ ಆಗಬೇಕು ಅನ್ನುವ ಅಷ್ಟಕ ನಿಯಮ ನಮ್ಮ ಅನುಕೂಲಕ್ಕೆ ನಾವು ಇಟ್ಟುಕೊಂಡ ಲೆಕ್ಕದ ಪದ್ಧತಿ. ಲೆಕ್ಕ ಬಹಳ ಸಲ ಸರಿಯಾಗಿ ಕೂಡುತ್ತದೆ, ಅದಕ್ಕೇ ಅದನ್ನು ಕಲಿಸುತ್ತೇವೆ. ಬಂಧ ಆಗುವುದಕ್ಕೆ ಕಾರಣ ಮಾತ್ರ ಬೇರೆ: ಕೂಡಿದಾಗ ಒಟ್ಟು ಶಕ್ತಿ ಕಡಿಮೆಯಾಗುತ್ತದೆ, ಅಷ್ಟೇ. ಈ ಎರಡನ್ನೂ ಕಲಸಿಬಿಟ್ಟರೆ ಮುಂದೆ ಪಿಯುಸಿಯಲ್ಲಿ ಒಂದಾದ ಮೇಲೊಂದು ಗೊಂದಲ ಶುರುವಾಗುತ್ತದೆ. ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಹೈಡ್ರೋಜನ್ನಿನಿಂದ ಶುರು ಮಾಡೋಣ. ಒಂದೊಂದು ಪರಮಾಣುವಿನಲ್ಲಿ ಒಂದು ಪ್ರೋಟಾನ್, ಒಂದು ಎಲೆಕ್ಟ್ರಾನ್. ದೂರ ಇದ್ದಾಗ ಒಂದರ ಗೊಡವೆ ಇನ್ನೊಂದಕ್ಕಿಲ್ಲ. ಹತ್ತಿರ ಬರುತ್ತ ಹೋದಂತೆ ಇದರ ಎಲೆಕ್ಟ್ರಾನನ್ನು ಅದರ ನ್ಯೂಕ್ಲಿಯಸ್ಸೂ, ಅದರ ಎಲೆಕ್ಟ್ರಾನನ್ನು ಇದರ ನ್ಯೂಕ್ಲಿಯಸ್ಸೂ ಎಳೆಯತೊಡಗುತ್ತವೆ. ಎರಡು ಧನಾವೇಶಗಳ ನಡುವಿನ ಜಾಗದಲ್ಲಿ ಎಲೆಕ್ಟ್ರಾನ್ ಮೋಡ ದಟ್ಟವಾಗುತ್ತದೆ, ಶಕ್ತಿ ಇಳಿಯುತ್ತದೆ. ಇನ್ನೂ ಹತ್ತಿರ ತಂದರೆ ನ್ಯೂಕ್ಲಿಯಸ್ಸುಗಳು ಒಂದನ್ನೊಂದು ತಳ್ಳುವುದು ಜೋರಾಗಿ ಶಕ್ತಿ ಮತ್ತೆ ಏರುತ್ತದೆ. ಅತಿ ಕೆಳಗಿನ ಬಿಂದು ಸಿಗುವುದು 74 ಪೈಕೋಮೀಟರ್ ದೂರದಲ್ಲಿ. ಒಂದು ಪೈಕೋಮೀಟರ್ ಅಂದರೆ ಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಭಾಗ. ಒಂಟಿ ಹೈಡ್ರೋಜನ್ನಿನಲ್ಲಿ ನ್ಯೂಕ್ಲಿಯಸ್ಸಿನಿಂದ ಎಲೆಕ್ಟ್ರಾನ್ ಹೆಚ್ಚಾಗಿ ಸಿಗುವ ದೂರ 53 ಪೈಕೋಮೀಟರ್. ಎರಡನ್ನು ಬರೀ ತಾಗಿಸಿ ಇಟ್ಟಿದ್ದರೆ ನಡುವಿನ ದೂರ 106 ಆಗಬೇಕಿತ್ತು. 74 ಇದೆ ಅಂದರೆ ಎರಡು ಮೋಡಗಳು ಒಂದರೊಳಗೊಂದು ನುಗ್ಗಿವೆ. ಹಂಚಿಕೆ ಅಂತ ನಾವು ಕರೆಯುವುದು ಇದನ್ನೇ.

ಆ ತಗ್ಗಿನಿಂದ ಮತ್ತೆ ಮೇಲೆತ್ತಿ ಎರಡನ್ನೂ ಬಿಡಿಸಬೇಕಾದರೆ ಒಂದು ಮೋಲ್‌ಗೆ 436 ಕಿಲೋಜೂಲ್ ಬೇಕು. ಮೋಲ್ ಅಂದರೆ ಡಜನ್ನಿನ ಹಾಗೆ ಅಣುಗಳನ್ನು ಎಣಿಸುವ ಒಂದು ನಿಗದಿತ, ಬಹಳ ದೊಡ್ಡ ಸಂಖ್ಯೆ. ಒಂದು ಮೋಲ್ ಹೈಡ್ರೋಜನ್ ಅಂದರೆ ತೂಕದಲ್ಲಿ ಬರೀ 2 ಗ್ರಾಂ. ಅದೇ 436 ಕಿಲೋಜೂಲ್ ಶಾಖದಲ್ಲಿ 20 ಡಿಗ್ರಿಯ 1.3 ಲೀಟರ್ ನೀರನ್ನು 100 ಡಿಗ್ರಿಗೆ ಮುಟ್ಟಿಸಬಹುದು. ಹುಡುಗರಿಗೆ ಈ ಅಂಕಿ ಹೇಳಿ. ಬಂಧ ಅಂದರೆ ಹಲಗೆಯ ಮೇಲಿನ ಗೆರೆಯಲ್ಲ, ಅದಕ್ಕೊಂದು ಬೆಲೆ ಇದೆ ಅಂತ ಆಗ ಗೊತ್ತಾಗುತ್ತದೆ.

ಜೋಡಿಯೇ ಯಾಕೆ, ಮೂರು ಎಲೆಕ್ಟ್ರಾನ್ ಯಾಕೆ ಆಗಬಾರದು? ನಡುವಿನ ಆ ಒಳ್ಳೆಯ ಜಾಗದಲ್ಲಿ ಎರಡೇ ಎಲೆಕ್ಟ್ರಾನಿಗೆ ಸ್ಥಳ, ಅದೂ ಅವೆರಡರ ಸ್ಪಿನ್ (ಎಲೆಕ್ಟ್ರಾನಿನ ಒಂದು ಹುಟ್ಟುಗುಣ, ಎರಡೇ ಬಗೆ) ವಿರುದ್ಧವಾಗಿದ್ದರೆ ಮಾತ್ರ. ಇದು ಪೌಲಿ ನಿಯಮ. ಎರಡು ಹೀಲಿಯಂ ತಂದರೆ ನಾಲ್ಕು ಎಲೆಕ್ಟ್ರಾನ್ ಆಗುತ್ತವೆ. ಎರಡು ಬಂಧದ ಪರವಾಗಿ ನಿಂತರೆ ಉಳಿದೆರಡು ಅದನ್ನು ಬಿಡಿಸುವ ಕಡೆ ಹೋಗಬೇಕಾಗುತ್ತದೆ, ಮತ್ತು ಬಿಡಿಸುವವರ ಕೈಯೇ ತುಸು ಮೇಲಾಗುತ್ತದೆ. ಹೀಲಿಯಂ ಒಂಟಿಯಾಗಿರುವುದು ಇದಕ್ಕೇ ಹೊರತು, ಅದು "ತೃಪ್ತ"ವಾಗಿದೆ ಅಂತಲ್ಲ.

ಜೋಡಿಯ ವಿಚಾರವನ್ನು 1916ರಲ್ಲಿ ಮುಂದಿಟ್ಟವರು ಅಮೆರಿಕದ ಗಿಲ್ಬರ್ಟ್ ಲೂಯಿಸ್. ಆಗ ಕ್ವಾಂಟಂ ಯಂತ್ರಶಾಸ್ತ್ರವೇ ಇರಲಿಲ್ಲ. ಜೋಡಿ ಯಾಕೆ ಅಂತ ಹೇಳಲು ಅವರಿಗೆ ದಾರಿಯಿರಲಿಲ್ಲ, ಜೋಡಿ ಅಂತ ಇಟ್ಟರೆ ಲೆಕ್ಕ ಕೂಡುತ್ತದೆ ಅನ್ನುವುದು ಕಂಡಿತ್ತು. ಎಲೆಕ್ಟ್ರಾನ್ ಹಂಚಿಕೊಂಡು ಆಗುವ ಈ ಬಂಧಕ್ಕೆ ಸಹವೇಲೆನ್ಸಿ ಅನ್ನುವ ಹೆಸರನ್ನು 1919ರಲ್ಲಿ ಇರ್ವಿಂಗ್ ಲ್ಯಾಂಗ್ಮ್ಯೂರ್ ಚಾಲ್ತಿಗೆ ತಂದರು. ಕಾರಣ ಸಿಕ್ಕಿದ್ದು 1927ರಲ್ಲಿ. ವಾಲ್ಟರ್ ಹೈಟ್ಲರ್ ಮತ್ತು ಫ್ರಿಟ್ಜ್ ಲಂಡನ್ ಹೈಡ್ರೋಜನ್ ಅಣುವಿಗೆ ಕ್ವಾಂಟಂ ಲೆಕ್ಕ ಹಾಕಿದರು. ಅವರ ಮೊದಲ ಲೆಕ್ಕದಲ್ಲೇ ಬಂಧಶಕ್ತಿಯ ಮೂರರಲ್ಲಿ ಎರಡು ಪಾಲು ಬಂತು. ಲೆಕ್ಕ ಮೊದಲು, ಕಾರಣ ಆಮೇಲೆ. ಚರಿತ್ರೆಯಲ್ಲೂ ಇವು ಬೇರೆ ಬೇರೆಯಾಗಿಯೇ ಬಂದವು.

ಚುಕ್ಕಿ ಇಡುವ ಕ್ರಮ

ಇನ್ನು ಲೆಕ್ಕ: ಒಂದೊಂದು ಎಲೆಕ್ಟ್ರಾನಿಗೆ ಒಂದು ಚುಕ್ಕಿ, ಹಂಚಿಕೊಂಡ ಜೋಡಿಗೆ ಒಂದು ಗೆರೆ. ಲೆಕ್ಕವೆಂದು ಕೀಳಾಗಿ ನೋಡುವುದು ಬೇಡ, ಸರಿಯಾಗಿ ಮಾಡಿದರೆ ಬಹಳ ಕೆಲಸಕ್ಕೆ ಬರುತ್ತದೆ. ಹೆಚ್ಚಿನ ಹುಡುಗರು ಮಾಡುವ ತಪ್ಪು ಒಂದೇ: ಮೊದಲು ಚಿತ್ರ ಬರೆಯುತ್ತಾರೆ, ಆಮೇಲೆ ಎಣಿಸುತ್ತಾರೆ. ಎಣಿಕೆ ಮೊದಲು ಆಗಬೇಕು.

ಹೊರಕವಚದ ಎಲೆಕ್ಟ್ರಾನುಗಳನ್ನಷ್ಟೇ ಕೂಡಿಸಿ. ಹೈಡ್ರೋಜನ್ನಿಗೆ 1, ಕಾರ್ಬನ್ನಿಗೆ 4, ನೈಟ್ರೋಜನ್ನಿಗೆ 5, ಆಕ್ಸಿಜನ್ನಿಗೆ 6, ಕ್ಲೋರಿನ್ನಿಗೆ 7. ಆಕ್ಸಿಜನ್ನಿಗೆ 8 ಅಂತ ಬರೆಯುವವರು ಪ್ರತಿ ತರಗತಿಯಲ್ಲೂ ನಾಲ್ಕು ಜನ ಇರುತ್ತಾರೆ. ಅವರು ಪರಮಾಣು ಸಂಖ್ಯೆಯನ್ನು ಹಿಡಿದಿರುತ್ತಾರೆ. ಇದು "ಕೈಯಲ್ಲಿರುವುದು". ಇನ್ನು "ಬೇಕಾಗಿರುವುದು" ಎಣಿಸಿ: ಹೈಡ್ರೋಜನ್ ಒಂದೊಂದಕ್ಕೆ 2, ಉಳಿದ ಪರಮಾಣು ಒಂದೊಂದಕ್ಕೆ 8. ಬೇಕಾಗಿರುವುದರಲ್ಲಿ ಕೈಯಲ್ಲಿರುವುದನ್ನು ಕಳೆದರೆ ಹಂಚಿಕೊಳ್ಳಬೇಕಾದ ಎಲೆಕ್ಟ್ರಾನ್ ಸಿಗುತ್ತದೆ. ಅದರ ಅರ್ಧ ಬಂಧಗಳ ಸಂಖ್ಯೆ. ನೈಟ್ರೋಜನ್ ಅಣುವಿಗೆ ಬೇಕು 16, ಇದೆ 10, ಹಂಚಿಕೆ 6, ಬಂಧ 3. ಕಾರ್ಬನ್ ಡೈಆಕ್ಸೈಡಿಗೆ ಬೇಕು 24, ಇದೆ 16, ಹಂಚಿಕೆ 8, ಬಂಧ 4, ಅಂದರೆ ಎರಡೂ ಕಡೆ ದ್ವಿಬಂಧ. ಈ ಒಂದು ಕಳೆಯುವ ಲೆಕ್ಕ ಕಲಿತ ಹುಡುಗ ನೈಟ್ರೋಜನ್ನಿಗೆ ಏಕಬಂಧ ಬರೆಯುವುದಿಲ್ಲ.

ಆಮೇಲೆ ನಡುವಿನ ಪರಮಾಣು ಯಾವುದೆಂದು ನೋಡಿ. ಹೈಡ್ರೋಜನ್ ಯಾವತ್ತೂ ನಡುವೆ ಬರುವುದಿಲ್ಲ, ಒಂದೇ ಬಂಧ ಅದರ ಮಿತಿ. ಉಳಿದವುಗಳಲ್ಲಿ ಸಾಮಾನ್ಯವಾಗಿ ಎಲೆಕ್ಟ್ರಾನನ್ನು ಕಡಿಮೆ ಎಳೆಯುವುದು ನಡುವೆ ಕೂಡುತ್ತದೆ. ಬಂಧಗಳನ್ನು ಎಳೆದು, ಉಳಿದ ಎಲೆಕ್ಟ್ರಾನುಗಳನ್ನು ಒಂಟಿ ಜೋಡಿಗಳಾಗಿ ಇಡಿ, ಹೊರಗಿನ ಪರಮಾಣುಗಳಿಗೆ ಮೊದಲು. ಕೊನೆಗೆ ಎಲ್ಲ ಚುಕ್ಕಿಗಳನ್ನು ಮತ್ತೆ ಎಣಿಸಿ. ಮೊದಲಿನ ಮೊತ್ತಕ್ಕೆ ಒಂದು ಚುಕ್ಕಿ ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಅಯಾನುಗಳಾದರೆ ಆವೇಶ ಮರೆಯಬೇಡಿ: ಅಮೋನಿಯಂ ಅಯಾನಿಗೆ 5 ಕೂಡಿಸು 4, ಅದರಲ್ಲಿ 1 ಕಳೆದು 8.

ಪುಸ್ತಕದಲ್ಲಿ ಇಲ್ಲದ, ಆದರೆ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಒಂದು ಅಣುವನ್ನು ಹಿಡಿಯೋಣ: ಯೂರಿಯಾ. ಹಾವೇರಿಯಲ್ಲಿ ಗೋವಿನಜೋಳ ಬಿತ್ತುವವರ ಮನೆಯ ಹುಡುಗನಿಗೆ ಕ್ಲೋರಿನ್ ಅಣುವಿಗಿಂತ ಇದು ಹತ್ತಿರದ್ದು. ಒಂದು ಕಾರ್ಬನ್, ಒಂದು ಆಕ್ಸಿಜನ್, ಎರಡು ನೈಟ್ರೋಜನ್, ನಾಲ್ಕು ಹೈಡ್ರೋಜನ್. ಕೈಯಲ್ಲಿರುವುದು 4, 6, 10, 4, ಒಟ್ಟು 24. ಬೇಕಾಗಿರುವುದು: ಭಾರದ ಪರಮಾಣು ನಾಲ್ಕಕ್ಕೆ 32, ಹೈಡ್ರೋಜನ್ ನಾಲ್ಕಕ್ಕೆ 8, ಒಟ್ಟು 40. ಹಂಚಿಕೆ 16, ಬಂಧ 8. ಈಗ ಬರೆಯಿರಿ. ನಡುವೆ ಕಾರ್ಬನ್, ಅದರ ಸುತ್ತ ಆಕ್ಸಿಜನ್ ಮತ್ತು ಎರಡು ನೈಟ್ರೋಜನ್, ಒಂದೊಂದು ನೈಟ್ರೋಜನ್ನಿಗೆ ಎರಡೆರಡು ಹೈಡ್ರೋಜನ್. ಎಲ್ಲಕ್ಕೂ ಒಂದೊಂದೇ ಗೆರೆ ಎಳೆದರೆ ಏಳೇ ಆಗುತ್ತವೆ. ಎಂಟನೆಯದು ಎಲ್ಲಿ? ಕಾರ್ಬನ್ನಿಗೆ ಇನ್ನೂ ಆರೇ ಎಲೆಕ್ಟ್ರಾನ್ ಆಗಿವೆ, ಆದ್ದರಿಂದ ಅದರಿಂದ ಹೊರಡಬೇಕು. ಆಕ್ಸಿಜನ್ ಕಡೆ ಹಾಕಿದರೆ ಯಾವ ಪರಮಾಣುವಿಗೂ ಆವೇಶ ಉಳಿಯುವುದಿಲ್ಲ. ನೈಟ್ರೋಜನ್ ಕಡೆ ಹಾಕಿದರೆ ನೈಟ್ರೋಜನ್ನಿಗೆ ಧನ, ಆಕ್ಸಿಜನ್ನಿಗೆ ಋಣ ಆವೇಶ ಬರುತ್ತದೆ, ಆ ಚಿತ್ರಕ್ಕೆ ತೂಕ ಕಡಿಮೆ. ಉಳಿದ 8 ಎಲೆಕ್ಟ್ರಾನ್ ನಾಲ್ಕು ಒಂಟಿ ಜೋಡಿ: ಆಕ್ಸಿಜನ್ ಮೇಲೆ ಎರಡು, ನೈಟ್ರೋಜನ್ನುಗಳ ಮೇಲೆ ಒಂದೊಂದು. ಲೆಕ್ಕ ಮುಗಿಯಿತು. ಅಣುತೂಕ 60, ಅದರಲ್ಲಿ ನೈಟ್ರೋಜನ್ 28. ಚೀಲದ ಮೇಲೆ ಅಚ್ಚಾಗಿರುವ 46 ಶೇಕಡಾ ಬಂದದ್ದು ಇಲ್ಲಿಂದ. 45 ಕಿಲೋ ಚೀಲದಲ್ಲಿ ನೈಟ್ರೋಜನ್ 20.7 ಕಿಲೋ.

ಚುಕ್ಕಿ ಮತ್ತು ಗುಣಾಕಾರ ಚಿಹ್ನೆ ಹಾಕಿ "ಇದು ಕ್ಲೋರಿನ್ನಿನದು, ಇದು ಹೈಡ್ರೋಜನ್ನಿನದು" ಅಂತ ತೋರಿಸುವ ರೂಢಿಯ ಬಗ್ಗೆ ಒಂದು ಮಾತು. ಎಣಿಸುವಾಗ ಅದು ಸಹಾಯಕ. ಆದರೆ ಬಂಧವಾದ ಮೇಲೆ ಯಾವ ಎಲೆಕ್ಟ್ರಾನ್ ಯಾರದ್ದು ಅನ್ನುವ ಪ್ರಶ್ನೆಗೆ ಅರ್ಥವೇ ಇಲ್ಲ, ಎಲೆಕ್ಟ್ರಾನುಗಳಲ್ಲಿ ಗುರುತು ಇರುವುದಿಲ್ಲ. ಅಮೋನಿಯ ತನ್ನ ಒಂಟಿ ಜೋಡಿಯಿಂದ ಹೈಡ್ರೋಜನ್ ಅಯಾನನ್ನು ಹಿಡಿದು ಅಮೋನಿಯಂ ಆದಾಗ ಜೋಡಿಯ ಎರಡೂ ಎಲೆಕ್ಟ್ರಾನ್ ನೈಟ್ರೋಜನ್ನಿಂದಲೇ ಬಂದವು. ಆದರೂ ಆಗಿಹೋದ ಮೇಲೆ ನಾಲ್ಕೂ ಬಂಧಗಳು ಅಳತೆಯಲ್ಲಿ, ಬಲದಲ್ಲಿ ಒಂದೇ. ಯಾವುದು ಹೊಸದು ಅಂತ ಯಾವ ಉಪಕರಣವೂ ಹೇಳಲಾರದು.

ಒಂಟಿ ಜೋಡಿ ಬಿಟ್ಟರೆ ಆಕಾರ ಕೆಡುತ್ತದೆ

ಹಂಚಿಕೆಗೆ ಸೇರದ ಜೋಡಿಗಳನ್ನು ಬರೆಯದೆ ಬಿಡುವುದು ಸಣ್ಣ ತಪ್ಪಲ್ಲ. ನಾಲ್ಕು ಒಂದೇ ಅಳತೆಯ ಬಲೂನು ಊದಿ ಬಾಯಿಗಳನ್ನು ಒಟ್ಟಿಗೆ ಬಿಗಿಯಾಗಿ ಕಟ್ಟಿ. ನೀವು ಏನೂ ಮಾಡದಿದ್ದರೂ ಅವು ಚತುರ್ಮುಖಿಯ ನಾಲ್ಕು ಮೂಲೆಗಳಿಗೆ ಸರಿದು ನಿಲ್ಲುತ್ತವೆ. ನಡುವಿನ ಪರಮಾಣುವಿನ ಸುತ್ತ ನಾಲ್ಕು ಎಲೆಕ್ಟ್ರಾನ್ ಜೋಡಿ ಇದ್ದಾಗಲೂ ಅಷ್ಟೇ. ಮೀಥೇನಿನಲ್ಲಿ ನಾಲ್ಕೂ ಬಂಧದ ಜೋಡಿ, ಕೋನ 109.5 ಡಿಗ್ರಿ. ಅಮೋನಿಯದಲ್ಲಿ ಮೂರು ಬಂಧ, ಒಂದು ಒಂಟಿ ಜೋಡಿ. ಒಂಟಿ ಜೋಡಿಯನ್ನು ಎಳೆಯುವುದು ಒಂದೇ ನ್ಯೂಕ್ಲಿಯಸ್, ಆದ್ದರಿಂದ ಅದು ಹರಡಿಕೊಂಡು ಬಂಧಗಳನ್ನು ಒತ್ತುತ್ತದೆ. ಕೋನ 107ಕ್ಕೆ ಇಳಿಯುತ್ತದೆ. ನೀರಿನಲ್ಲಿ ಎರಡು ಒಂಟಿ ಜೋಡಿ, ಕೋನ 104.5. ಒಂಟಿ ಜೋಡಿ ಮರೆತವನಿಗೆ ಅಮೋನಿಯ ಚಪ್ಪಟೆ ತ್ರಿಕೋನವಾಗಿಯೂ ನೀರು ನೆಟ್ಟಗೂ ಕಾಣುತ್ತದೆ. ನೀರು ಕಾರ್ಬನ್ ಡೈಆಕ್ಸೈಡಿನ ಹಾಗೆ ನೆಟ್ಟಗಿದ್ದಿದ್ದರೆ ಎರಡು ಕಡೆಯ ಎಳೆತ ಒಂದನ್ನೊಂದು ಹೊಡೆದುಹಾಕಿ, ಅಣುವಿಗೆ ಒಂದು ಕಡೆ ಧನ ಒಂದು ಕಡೆ ಋಣ ಅನ್ನುವುದೇ ಇರುತ್ತಿರಲಿಲ್ಲ. ಉಪ್ಪನ್ನು ಇಷ್ಟು ಚೆನ್ನಾಗಿ ಕರಗಿಸುತ್ತಲೂ ಇರಲಿಲ್ಲ.

ಎಳೆತದ ಮಾತು ಬಂತು. ಎರಡೂ ಒಂದೇ ಜಾತಿಯ ಪರಮಾಣುವಾದರೆ ಹಂಚಿಕೆ ಸರಿಸಮ. ಹೈಡ್ರೋಜನ್ ಕ್ಲೋರೈಡಿನಲ್ಲಿ ಹಾಗಲ್ಲ, ಜೋಡಿ ಕ್ಲೋರಿನ್ ಕಡೆ ಸರಿದಿರುತ್ತದೆ. ಇದನ್ನು ಅಳೆಯಲು ಲೈನಸ್ ಪೌಲಿಂಗ್ 1932ರಲ್ಲಿ ಹೂಡಿದ ಉಪಾಯವನ್ನು ಪಿಯು ಹುಡುಗರೂ ಮಾಡಿ ನೋಡಬಹುದು. ಹೈಡ್ರೋಜನ್ ಅಣುವಿನ ಬಂಧ 436 ಕಿಲೋಜೂಲ್, ಕ್ಲೋರಿನ್ ಅಣುವಿನದು 242. ಸರಾಸರಿ 339. ಹೈಡ್ರೋಜನ್ ಕ್ಲೋರೈಡಿನ ಬಂಧ ಇಷ್ಟೇ ಇರಬೇಕಿತ್ತು; ಅಳೆದರೆ 431. ಹೆಚ್ಚು ಬಂದ 92 ಕಿಲೋಜೂಲ್ ಹಂಚಿಕೆ ಸಮವಲ್ಲದ್ದರಿಂದ ಬಂದದ್ದು. ಅದನ್ನು ಎಲೆಕ್ಟ್ರಾನ್ ವೋಲ್ಟಿಗೆ ಬದಲಿಸಲು 96.5ರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.98. ಪುಸ್ತಕದ ಕೋಷ್ಟಕದಲ್ಲಿ ಕ್ಲೋರಿನ್ನಿನ ವಿದ್ಯುದೃಣತೆ (ಬಂಧದ ಜೋಡಿಯನ್ನು ತನ್ನ ಕಡೆ ಎಳೆಯುವ ಬಲದ ಅಳತೆ) 3.16, ಹೈಡ್ರೋಜನ್ನಿನದು 2.20, ವ್ಯತ್ಯಾಸ 0.96. ಹತ್ತು ನಿಮಿಷದ ಲೆಕ್ಕ. ಆ ಕೋಷ್ಟಕ ಎಲ್ಲಿಂದಲೋ ಉದುರಿದ್ದಲ್ಲ ಅಂತ ಗೊತ್ತಾಗಲು ಇಷ್ಟು ಸಾಕು.

ಎರಡು ತ್ರಿಬಂಧ, ಎರಡು ಸ್ವಭಾವ

ನಮ್ಮ ಮುಖ್ಯ ಮಾತು ಚೆನ್ನಾಗಿ ಕಾಣುವುದು ಇಲ್ಲಿ. ಚುಕ್ಕಿ ಲೆಕ್ಕದಲ್ಲಿ ನೈಟ್ರೋಜನ್ ಅಣುವಿನಲ್ಲೂ ಅಸಿಟಿಲೀನ್ ಅಣುವಿನಲ್ಲೂ ನಡುವೆ ತ್ರಿಬಂಧವೇ ಬರುತ್ತದೆ. ನೈಟ್ರೋಜನ್ ನಮ್ಮ ಸುತ್ತಲಿನ ಗಾಳಿಯ 78 ಶೇಕಡಾ ಆಗಿದ್ದುಕೊಂಡು ಯಾರ ತಂಟೆಗೂ ಹೋಗುವುದಿಲ್ಲ. ಅಸಿಟಿಲೀನ್ ಹುಬ್ಬಳ್ಳಿಯ ವೆಲ್ಡಿಂಗ್ ಅಂಗಡಿಯ ಮರೂನ್ ಬಣ್ಣದ ಸಿಲಿಂಡರಿನಲ್ಲಿ ಇರುತ್ತದೆ. ಅದನ್ನು ಹುಷಾರಾಗಿ ಮುಟ್ಟಬೇಕು. ಲೆಕ್ಕ ಒಂದೇ, ನಡತೆ ತದ್ವಿರುದ್ಧ. ಯಾಕೆ?

ಅಂಕಿಗಳನ್ನು ಪಕ್ಕಪಕ್ಕ ಇಡಿ. ಕಾರ್ಬನ್-ಕಾರ್ಬನ್ ಏಕಬಂಧ ಸುಮಾರು 347 ಕಿಲೋಜೂಲ್, ತ್ರಿಬಂಧ 839. ಮೂರು ಏಕಬಂಧ ಕೂಡಿದರೆ 1041. ಅಂದರೆ ಕಾರ್ಬನ್ನಿಗೆ ಒಂದು ತ್ರಿಬಂಧಕ್ಕಿಂತ ಮೂರು ಏಕಬಂಧ ಲಾಭ. ಎರಡನೆಯ, ಮೂರನೆಯ ಬಂಧಗಳು ಪಕ್ಕದಿಂದ ಪಕ್ಕಕ್ಕೆ ಕೂಡಿದವು, ಮೋಡಗಳು ನೇರ ಕೂಡಿದಷ್ಟು ದಟ್ಟವಾಗಿ ಸೇರುವುದಿಲ್ಲ. ನೈಟ್ರೋಜನ್ನಿನಲ್ಲಿ ಏಕಬಂಧ ಬರೀ 163, ತ್ರಿಬಂಧ 945. ಮೂರು ಏಕಬಂಧ ಸೇರಿದರೂ 489, ತ್ರಿಬಂಧದ ಅರ್ಧ ಚಿಲ್ಲರೆ. ನೈಟ್ರೋಜನ್ ಏಕಬಂಧ ಇಷ್ಟು ಬಡಕಲಾಗಿರುವುದು ಒಂಟಿ ಜೋಡಿಗಳಿಂದ: ಪಕ್ಕಪಕ್ಕದ ಎರಡು ನೈಟ್ರೋಜನ್ನುಗಳ ಒಂಟಿ ಜೋಡಿಗಳು ಹತ್ತಿರದಲ್ಲಿ ಕೂತು ಒಂದನ್ನೊಂದು ತಳ್ಳುತ್ತವೆ. ತ್ರಿಬಂಧದಲ್ಲಿ ಅವು ಹೊರಮುಖವಾಗಿ, ಒಂದಕ್ಕೊಂದು ಬೆನ್ನು ಹಾಕಿ ನಿಲ್ಲುತ್ತವೆ. ಫ್ಲೋರಿನ್ ಅಣುವಿನ ಬಂಧ ಕ್ಲೋರಿನ್ನಿನ 242ರ ಮುಂದೆ 158ಕ್ಕೆ ಇಳಿದಿರುವುದೂ ಇದೇ ತಳ್ಳಾಟದಿಂದ.

ಹೀಗಾಗಿ ಅಸಿಟಿಲೀನ್ ಸಂದರ್ಭ ಸಿಕ್ಕರೆ ತ್ರಿಬಂಧ ಬಿಡುತ್ತದೆ. ಅದು ಕಾರ್ಬನ್ ಮತ್ತು ಹೈಡ್ರೋಜನ್ ಆಗಿ ಒಡೆದರೆ ಒಂದು ಮೋಲ್‌ಗೆ, ಅಂದರೆ 26 ಗ್ರಾಂಗೆ, 227 ಕಿಲೋಜೂಲ್ ಹೊರಬರುತ್ತದೆ. ಇದಕ್ಕೆ ಆಕ್ಸಿಜನ್ ಬೇಕಿಲ್ಲ, ಗಾಳಿಯೂ ಬೇಕಿಲ್ಲ. ಬೇರೆ ಗ್ಯಾಸುಗಳ ಹಾಗೆ ಒತ್ತಿ ತುಂಬಿದರೆ ಸಿಲಿಂಡರಿನೊಳಗೇ ಸ್ಫೋಟವಾದೀತು. ಅದಕ್ಕೇ ಅಸಿಟಿಲೀನ್ ಸಿಲಿಂಡರ್ ಒಳಗೆ ಟೊಳ್ಳಾಗಿರುವುದಿಲ್ಲ. ಸಣ್ಣ ಸಣ್ಣ ರಂಧ್ರಗಳ ಗಟ್ಟಿ ಪದಾರ್ಥ ತುಂಬಿ, ಅದಕ್ಕೆ ಅಸಿಟೋನ್ ಕುಡಿಸಿ, ಆ ಅಸಿಟೋನಿನಲ್ಲಿ ಗ್ಯಾಸನ್ನು ಕರಗಿಸಿರುತ್ತಾರೆ. ಸಿಲಿಂಡರನ್ನು ಮಲಗಿಸಿ ಬಳಸಬಾರದು ಅನ್ನುವುದು ಅಸಿಟೋನ್ ಹೊರಗೆ ಹರಿದು ಬಾರದಿರಲಿ ಅಂತ. ರೆಗ್ಯುಲೇಟರಿನಿಂದ ಹೊರಬರುವ ಒತ್ತಡ ಚದರ ಇಂಚಿಗೆ 15 ಪೌಂಡ್, ಅಂದರೆ 15 ಪಿಎಸ್‌ಐ ದಾಟಬಾರದು ಅನ್ನುವುದು ಆ ತ್ರಿಬಂಧದ ಭಯಕ್ಕೆ. ತಾಮ್ರದ ನಳಿಗೆ ಹಾಕಬಾರದು, ಯಾಕೆಂದರೆ ತಾಮ್ರದ ಅಸಿಟಿಲೈಡ್ ಉಂಟಾಗಿ ಅದು ಸಣ್ಣ ಪೆಟ್ಟಿಗೂ ಸಿಡಿಯುತ್ತದೆ. ಆಕ್ಸಿಜನ್ ಜೊತೆ ಉರಿಸಿದಾಗ ಜ್ವಾಲೆ 3,000 ಡಿಗ್ರಿ ದಾಟುತ್ತದೆ.

ನೈಟ್ರೋಜನ್ನಿನ ಕಥೆ ಇದಕ್ಕೆ ಉಲ್ಟಾ. ಅದನ್ನು ಬಿಡಿಸುವುದೇ ಕಷ್ಟ. ಅಮೋನಿಯ ಮಾಡುವ ಲೆಕ್ಕ ನೋಡಿ: ಒಂದು ನೈಟ್ರೋಜನ್ ಬಂಧ 945, ಮೂರು ಹೈಡ್ರೋಜನ್ ಅಣುವಿನ ಬಂಧ 1308, ಮುರಿಯಲು ಒಟ್ಟು 2253. ಎರಡು ಅಮೋನಿಯದಲ್ಲಿ ನೈಟ್ರೋಜನ್-ಹೈಡ್ರೋಜನ್ ಬಂಧ ಆರು, ಒಂದೊಂದು 391, ಸಿಗುವುದು 2346. 93 ಕಿಲೋಜೂಲ್ ಲಾಭವೇ ಇದೆ. ಆದರೂ ಎರಡು ಗ್ಯಾಸನ್ನು ಒಂದು ಡಬ್ಬಿಯಲ್ಲಿಟ್ಟರೆ ಏನೂ ಆಗುವುದಿಲ್ಲ, ಲಾಭ ಸಿಗುವ ಮೊದಲು ಆ ತ್ರಿಬಂಧವನ್ನು ಸಡಿಲಿಸಬೇಕು. ಕಾರ್ಖಾನೆಯಲ್ಲಿ ಕಬ್ಬಿಣದ ವೇಗವರ್ಧಕ, 400ರಿಂದ 500 ಡಿಗ್ರಿ, ಗಾಳಿಯ ಒತ್ತಡದ 150ರಿಂದ 250 ಪಟ್ಟು ಒತ್ತಡ. ಈ ಹೇಬರ್ ಪದ್ಧತಿ 1913ರಲ್ಲಿ ಜರ್ಮನಿಯ ಓಪ್ಪೌದಲ್ಲಿ ಕಾರ್ಖಾನೆಯಾಗಿ ಶುರುವಾಯಿತು. ಯೂರಿಯಾ ಚೀಲದ ಬೆಲೆಯ ಹಿಂದೆ ಇವತ್ತಿಗೂ ಈ ಬಂಧವೇ ಕೂತಿದೆ. ಅದೇ ಕೆಲಸವನ್ನು ಗದಗಿನ ಎರೆ ಹೊಲದಲ್ಲಿ ಹೆಸರು, ಕಡಲೆ, ಶೇಂಗಾದ ಬೇರುಗಂಟಿನೊಳಗಿನ ರೈಜೋಬಿಯಂ ಜಾತಿಯ ಬ್ಯಾಕ್ಟೀರಿಯಾ ಮಣ್ಣಿನ ಉಷ್ಣತೆಯಲ್ಲೇ ಮಾಡುತ್ತವೆ. ಪುಕ್ಕಟೆಯಾಗಿ ಅಲ್ಲ: ಒಂದು ನೈಟ್ರೋಜನ್ ಅಣುವಿಗೆ ಕನಿಷ್ಠ 16 ಎಟಿಪಿ (ಜೀವಕೋಶ ಶಕ್ತಿಗಾಗಿ ಖರ್ಚು ಮಾಡುವ ಅಣು) ಖರ್ಚು. ಕೆಲಸ ಮಾಡುವ ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು ಕಾಣುತ್ತದೆ. ಬಿಳಿಯೋ ಹಸಿರೋ ಇದ್ದರೆ ಆ ಗಂಟು ಕೆಲಸ ಮಾಡುತ್ತಿಲ್ಲ. ಆ ಕೆಂಪು ಬಣ್ಣದ ವಸ್ತು ಆಕ್ಸಿಜನ್ನನ್ನು ಹಿಡಿದಿಡುತ್ತದೆ. ಇಲ್ಲದಿದ್ದರೆ ನೈಟ್ರೋಜನ್ ಬಿಡಿಸುವ ಕಿಣ್ವ ಕೆಡುತ್ತದೆ.

"ಬಂಧ ಮುರಿದರೆ ಶಕ್ತಿ ಬರುತ್ತದೆ"

ಈ ವಾಕ್ಯವನ್ನು ತರಗತಿಯಿಂದ ಓಡಿಸಬೇಕು. ಬಂಧ ಮುರಿಯಲು ಯಾವಾಗಲೂ ಶಕ್ತಿ ಹಾಕಬೇಕು, ಶಕ್ತಿ ಬರುವುದು ಬಂಧ ಆಗುವಾಗ. ಹುಬ್ಬಳ್ಳಿ-ಧಾರವಾಡದ ಕೆಲವು ಬಡಾವಣೆಗಳ ಅಡುಗೆಮನೆಗೆ ಪೈಪಿನಲ್ಲಿ ಬರುವ ಗ್ಯಾಸು ಬಹುಪಾಲು ಮೀಥೇನ್. ಅದು ಉರಿಯುವಾಗ ನಾಲ್ಕು ಕಾರ್ಬನ್-ಹೈಡ್ರೋಜನ್ ಬಂಧಕ್ಕೆ 1652, ಎರಡು ಆಕ್ಸಿಜನ್ ಅಣುವಿಗೆ 996, ಖರ್ಚು 2648. ಕಾರ್ಬನ್ ಡೈಆಕ್ಸೈಡಿನ ಎರಡು ದ್ವಿಬಂಧದಿಂದ 1598, ಎರಡು ನೀರಿನ ನಾಲ್ಕು ಬಂಧದಿಂದ 1852, ಜಮೆ 3450. ಉಳಿತಾಯ 802 ಕಿಲೋಜೂಲ್, ಅದೇ ಒಲೆಯ ಉರಿ. ಅಳೆದರೂ ಇಷ್ಟೇ ಬರುತ್ತದೆ. ಜೀವಶಾಸ್ತ್ರದಲ್ಲಿ ಎಟಿಪಿಯ "ಅಧಿಕ ಶಕ್ತಿಯ ಬಂಧ" ಅನ್ನುವುದೂ ಹೀಗೆಯೇ ದಾರಿ ತಪ್ಪಿಸುತ್ತದೆ. ಅಲ್ಲಿ ಮುರಿಯುವುದು ಸಡಿಲ ಬಂಧ, ಆಗುವುದು ಬಿಗಿ ಬಂಧ. ಅಂತರ ನಮ್ಮ ಪಾಲಿಗೆ.

ಇದರ ಜೊತೆಗೇ ಬರುವ ಇನ್ನೊಂದು ತಪ್ಪು: ನೀರು ಕುದಿಯುವಾಗ ಏಳುವ ಗುಳ್ಳೆಯಲ್ಲಿ ಏನಿದೆ ಅಂದರೆ "ಹೈಡ್ರೋಜನ್ ಮತ್ತು ಆಕ್ಸಿಜನ್" ಅನ್ನುವುದು. ಒಂದು ಮೋಲ್ ನೀರನ್ನು ಆವಿ ಮಾಡಲು 40.7 ಕಿಲೋಜೂಲ್ ಸಾಕು. ಅದರೊಳಗಿನ ಎರಡು ಸಹವೇಲೆನ್ಸೀಯ ಬಂಧ ಮುರಿಯಲು 926 ಬೇಕು. ಕುದಿಸುವಾಗ ಬಿಡುವುದು ಅಣು ಅಣುಗಳ ನಡುವಿನ, ಹೈಡ್ರೋಜನ್ ಬಂಧ ಅಂತ ಕರೆಯುವ ಸಡಿಲ ಎಳೆತ, ಅಣುವಿನೊಳಗಿನ ಬಂಧವಲ್ಲ. ಗುಳ್ಳೆಯಲ್ಲಿರುವುದು ನೀರಿನ ಆವಿಯೇ.

ಚುಕ್ಕಿಗೆ ಸಿಗದವು

ಲೆಕ್ಕ ಎಲ್ಲಿ ಕೈಕೊಡುತ್ತದೆ ಅಂತಲೂ ಹುಡುಗರಿಗೆ ಹೇಳಬೇಕು. ಬೋರಾನ್ ಟ್ರೈಫ್ಲೋರೈಡಿನಲ್ಲಿ ಬೋರಾನ್ ಆರೇ ಎಲೆಕ್ಟ್ರಾನಿಗೆ ನಿಲ್ಲುತ್ತದೆ, ಕಳೆಯುವ ಲೆಕ್ಕ ಮಾತ್ರ ನಾಲ್ಕು ಬಂಧ ಕೇಳುತ್ತದೆ. ನೈಟ್ರಿಕ್ ಆಕ್ಸೈಡಿನಲ್ಲಿ ಎಲೆಕ್ಟ್ರಾನ್ 11, ಬೆಸ ಸಂಖ್ಯೆ. ಜೋಡಿ ಹಾಕಿ ಮುಗಿಸಲು ಬರುವುದೇ ಇಲ್ಲ. ಆಕ್ಸಿಜನ್ ಇನ್ನೂ ಚೆನ್ನಾಗಿದೆ. ಚುಕ್ಕಿ ಚಿತ್ರದಲ್ಲಿ ದ್ವಿಬಂಧ ಸರಿಯಾಗಿ ಬರುತ್ತದೆ, ಎಲ್ಲ ಎಲೆಕ್ಟ್ರಾನೂ ಜೋಡಿಯಾಗಿವೆ. ಆದರೆ ಮೈನಸ್ 183 ಡಿಗ್ರಿಯ ದ್ರವ ಆಕ್ಸಿಜನ್ನನ್ನು ಬಲವಾದ ಅಯಸ್ಕಾಂತದ ಧ್ರುವಗಳ ನಡುವೆ ಸುರಿದರೆ ಅದು ಅಲ್ಲೇ ಅಂಟಿಕೊಂಡು ನಿಲ್ಲುತ್ತದೆ. ಎರಡು ಎಲೆಕ್ಟ್ರಾನ್ ಒಂಟಿಯಾಗಿರದೆ ಇದು ಸಾಧ್ಯವಿಲ್ಲ. ಇದನ್ನು ವಿವರಿಸಲು ಎಲೆಕ್ಟ್ರಾನುಗಳನ್ನು ಇಡೀ ಅಣುವಿಗೆ ಸೇರಿದವೆಂದು ನೋಡುವ ಅಣು ಕಕ್ಷಕ ಸಿದ್ಧಾಂತವೇ ಬೇಕು, ಚುಕ್ಕಿಯನ್ನು ಎಷ್ಟು ಆಚೀಚೆ ಸರಿಸಿದರೂ ಆಗದು.

ಓಝೋನಿನಲ್ಲಿ ಬೇಕು 24, ಇದೆ 18, ಬಂಧ 3: ಒಂದು ಕಡೆ ದ್ವಿಬಂಧ, ಒಂದು ಕಡೆ ಏಕಬಂಧ ಅಂತ ಬರೆಯುತ್ತೇವೆ. ಅಳೆದರೆ ಎರಡೂ 128 ಪೈಕೋಮೀಟರ್. ಒಂದು ಜೋಡಿ ಮೂರೂ ಪರಮಾಣುಗಳ ಮೇಲೆ ಹರಡಿದೆ. ಎರಡು ಚಿತ್ರ ಬರೆದು ನಡುವೆ ಇಬ್ಬದಿ ಬಾಣ ಹಾಕುತ್ತೇವಲ್ಲ, ಅಣು ಆ ಚಿತ್ರಗಳ ನಡುವೆ ಓಡಾಡುತ್ತದೆ ಅಂತ ಅದರ ಅರ್ಥವಲ್ಲ. ಒಂದೇ ಅಣುವನ್ನು ಒಂದೇ ಚಿತ್ರದಲ್ಲಿ ಹಿಡಿಯಲಾಗದ ನಮ್ಮ ಕಷ್ಟ ಅದು.

ಹೀಗೆ ಹರಡಿದ ಎಲೆಕ್ಟ್ರಾನ್ ನೋಡಬೇಕಾದರೆ ಬ್ಯಾಡಗಿ ಮೆಣಸಿನಕಾಯಿ ಸಾಕು. ಅದರ ಕೆಂಪಿಗೆ ಮುಖ್ಯ ಕಾರಣ ಕ್ಯಾಪ್ಸಾಂಥಿನ್, 40 ಕಾರ್ಬನ್ನಿನ ಉದ್ದನೆಯ ಅಣು. ಅದರ ನಡುವಿನ ಸರಪಳಿಯಲ್ಲಿ ಏಕಬಂಧ, ದ್ವಿಬಂಧ, ಏಕಬಂಧ, ದ್ವಿಬಂಧ ಒಂದಾದ ಮೇಲೊಂದು ಬರುತ್ತವೆ. ದ್ವಿಬಂಧದ ಎಲೆಕ್ಟ್ರಾನುಗಳು ಸರಪಳಿಯುದ್ದಕ್ಕೂ ಹರಡಿಕೊಂಡಾಗ ಅವನ್ನು ಮೇಲಿನ ಮಟ್ಟಕ್ಕೆ ಎತ್ತಲು ಕಡಿಮೆ ಶಕ್ತಿ ಸಾಕು. ಎಥಿಲೀನಿನ ಒಂಟಿ ದ್ವಿಬಂಧಕ್ಕೆ ಕಣ್ಣಿಗೆ ಕಾಣದ ಅತಿನೇರಳೆ ಬೆಳಕು ಬೇಕು, ಅದಕ್ಕೇ ಎಥಿಲೀನಿಗೆ ಬಣ್ಣವಿಲ್ಲ. ಕ್ಯಾಪ್ಸಾಂಥಿನ್ ನೀಲಿ-ಹಸಿರು ಬೆಳಕನ್ನೇ ಹೀರಿ ಕೆಂಪನ್ನು ಬಿಟ್ಟುಕೊಡುತ್ತದೆ. ಖಾರದ ವಸ್ತು ಕ್ಯಾಪ್ಸೈಸಿನ್ ಬೇರೆ, ಅದರಲ್ಲಿ ಇಂಥ ಸರಪಳಿ ಇಲ್ಲ, ಬಣ್ಣವೂ ಇಲ್ಲ. ಬಣ್ಣ ಹೆಚ್ಚು, ಖಾರ ಕಡಿಮೆ ಅನ್ನುವ ಬ್ಯಾಡಗಿಯ ಗುಣದಲ್ಲಿ ವಿರೋಧವೇನೂ ಇಲ್ಲ.

ಬೆಳಕು ಮತ್ತು ಆಕ್ಸಿಜನ್ ಸೇರಿ ಸರಪಳಿಯ ನಡುವೆ ಒಂದು ದ್ವಿಬಂಧವನ್ನು ಕೆಡಿಸಿದರೂ ಸರಪಳಿ ಎರಡು ತುಂಡಾದಂತೆ, ಬಣ್ಣ ಹೋಯಿತು. ಬಿಸಿಲಲ್ಲಿ ಉಳಿದ ಕಾಯಿ ಬೆಳ್ಳಗಾಗುವುದಕ್ಕೆ, ಪುಡಿ ಮಾಡಿದ್ದು ಇಡೀ ಕಾಯಿಗಿಂತ ಬೇಗ ಬಣ್ಣಗೆಡುವುದಕ್ಕೆ, ಬ್ಯಾಡಗಿ ಸುತ್ತ ಕೋಲ್ಡ್ ಸ್ಟೋರೇಜುಗಳು ಎದ್ದುದಕ್ಕೆ ಇದೂ ಒಂದು ಕಾರಣ. ವ್ಯಾಪಾರದಲ್ಲಿ ಹೇಳುವ ಅಸ್ಟಾ (ಅಮೆರಿಕದ ಮಸಾಲೆ ವ್ಯಾಪಾರ ಸಂಘ) ಬಣ್ಣದ ಅಂಕವನ್ನು ಪುಡಿಯನ್ನು ಅಸಿಟೋನಿನಲ್ಲಿ 16 ತಾಸು ಕತ್ತಲಲ್ಲಿ ನೆನೆಹಾಕಿ, 460 ನ್ಯಾನೋಮೀಟರ್ ಬೆಳಕನ್ನು ಅದು ಎಷ್ಟು ಹೀರುತ್ತದೆ ಅಂತ ನೋಡಿ ತೆಗೆಯುತ್ತಾರೆ. ಅಂದರೆ ಕೆಡದೆ ಉಳಿದ ಸರಪಳಿಗಳ ಅಳತೆ ಅದು.

ಸಭೆಯಿಂದ ಬಂದ ಎರಡು ಪ್ರಶ್ನೆ

"ಸರ್, ಸಹವೇಲೆನ್ಸೀಯ ಸಂಯುಕ್ತಗಳ ಕರಗುವ ಬಿಂದು ಕಡಿಮೆ ಅಂತ ಪುಸ್ತಕದಲ್ಲಿದೆ. ಮರಳು?"

ಪುಸ್ತಕ ಹೇಳುವುದು ಬಿಡಿ ಬಿಡಿ ಅಣುಗಳಿಂದಾದ ವಸ್ತುಗಳ ಬಗ್ಗೆ. ಸಕ್ಕರೆ, ಮೇಣ, ಯೂರಿಯಾ ಕರಗುವಾಗ ಅಣುಗಳು ಒಂದರಿಂದೊಂದು ಸಡಿಲವಾಗಬೇಕು ಅಷ್ಟೇ. ಯೂರಿಯಾ 133 ಡಿಗ್ರಿಗೆ ಕರಗುತ್ತದೆ. ತುಂಗಭದ್ರೆಯ ಮರಳಿನಲ್ಲಿ ಹೇರಳವಾಗಿರುವ ಬೆಣಚುಕಲ್ಲಿನಲ್ಲಿ ಬಿಡಿ ಅಣು ಅನ್ನುವುದೇ ಇಲ್ಲ. ಒಂದೊಂದು ಸಿಲಿಕಾನಿಗೆ ನಾಲ್ಕು ಆಕ್ಸಿಜನ್, ಒಂದೊಂದು ಆಕ್ಸಿಜನ್ನಿಗೆ ಎರಡು ಸಿಲಿಕಾನ್, ಹೀಗೆ ಇಡೀ ಹರಳೇ ಒಂದು ಜಾಲ. ಅದನ್ನು ಕರಗಿಸಲು ಸಹವೇಲೆನ್ಸೀಯ ಬಂಧಗಳನ್ನೇ ಮುರಿಯಬೇಕು, ಆದ್ದರಿಂದ ಸುಮಾರು 1,700 ಡಿಗ್ರಿ. ವಾಕ್ಯವನ್ನು "ಬಿಡಿ ಅಣುಗಳ ಸಹವೇಲೆನ್ಸೀಯ ಸಂಯುಕ್ತಗಳು" ಅಂತ ತಿದ್ದಿ ಕಲಿಸಿದರೆ ಸಾಕು.

"ವಿದ್ಯುದೃಣತೆಯ ವ್ಯತ್ಯಾಸ 1.7 ದಾಟಿದರೆ ಅಯಾನಿಕ ಅಂತ ಬರೆಸುತ್ತೇವೆ. ಸರಿಯಾ?"

ಅದು ಅಂದಾಜಿನ ಗೆರೆ. ಹೈಡ್ರೋಜನ್ ಫ್ಲೋರೈಡ್ ನೋಡಿ: 3.98ರಲ್ಲಿ 2.20 ಕಳೆದರೆ 1.78, ಗೆರೆ ದಾಟಿತು. ಆದರೂ ಅದು ಬಿಡಿ ಅಣುಗಳ ವಸ್ತು, 19.5 ಡಿಗ್ರಿಗೇ ಕುದಿಯುತ್ತದೆ. ಅಡುಗೆ ಉಪ್ಪಿನ ಹಾಗೆ 801 ಡಿಗ್ರಿಗೆ ಕರಗುವ ಹರಳಲ್ಲ. ಪೂರ್ತಿ ಹಂಚಿಕೆಯಿಂದ ಪೂರ್ತಿ ವರ್ಗಾವಣೆವರೆಗೆ ನಡುವೆ ಎಲ್ಲೂ ಗೋಡೆ ಇಲ್ಲ. ಪರೀಕ್ಷೆಗೆ 1.7 ಬರೆಸಿ, ಪಕ್ಕದಲ್ಲೇ ಹೈಡ್ರೋಜನ್ ಫ್ಲೋರೈಡನ್ನೂ ಬರೆಸಿ.